ಮಂಗಳವಾರ, ಶುಕ್ರವಾರ ಮಾತ್ರ ಏರುವ ಅಂಕಿ

ಮೂವತ್ತೆಂಟನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ನನಗೆ ವಿಜ್ಞಾನಕ್ಕೆ ಏನಾದರೂ ಕೊಡುಗೆ ಕೊಡಬೇಕೆಂಬ ಆಸೆಯಿತ್ತು. ಕೊಟ್ಟೆ.

ಬಸವನಗುಡಿಯ ಕಾಲೇಜೊಂದರ ಲ್ಯಾಬಿನಲ್ಲಿ ನಾನು ಅಟೆಂಡರ್. ಅಲ್ಲಿ ಸುಮಾ ಮೇಡಂ ಪಿಎಚ್‌ಡಿ ಮಾಡುತ್ತಿದ್ದರು. ಗ್ಯಾಸ್ ಉರಿಯುವಾಗ ಜ್ವಾಲೆಯೊಳಗೆ ಏನೋ ಕಣಗಳು ಹುಟ್ಟಿ, ಹುಟ್ಟಿದ ಕ್ಷಣಕ್ಕೇ ಇಲ್ಲವಾಗುತ್ತವಂತೆ. ಅಷ್ಟರಲ್ಲಿ ಲೇಸರ್ ಬಿಟ್ಟರೆ ಮಿನುಗುತ್ತವಂತೆ. ಆ ಮಿನುಗನ್ನು ಅಳೆದರೆ ಕಣ ಎಷ್ಟಿತ್ತೆಂದು ತಿಳಿಯುತ್ತದಂತೆ. ಮೇಡಂ ಮೂರು ಸಲ ವಿವರಿಸಿದರು. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಆದರೂ ಇದೆಯೆಂದು ನಂಬಬೇಕಾದ್ದು. ದೇವರ ವಿಷಯ ಎಂದು ಅರ್ಥ ಮಾಡಿಕೊಂಡೆ!

ಲೇಸರ್ ಎರವಲು ತಂದದ್ದು. ಶನಿವಾರ ವಾಪಸ್ ಹೋಗಬೇಕು. ಅಷ್ಟರೊಳಗೆ ಅಳತೆ ಮುಗಿಯದಿದ್ದರೆ ಮೇಡಂಗೆ ಇನ್ನೊಂದು ವರ್ಷ ದಂಡ.

ಅಂಕಿಗಳನ್ನು ಟೈಪ್ ಮಾಡುವ ಕೆಲಸ ನನ್ನದು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವಾಗ ಕಂಡಿತು: ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಾತ್ರ ಅಂಕಿ ಜಾಸ್ತಿ. ಮೇಡಂ ಸಿಲಿಂಡರ್ ಬದಲಿಸಿದರು, ಕನ್ನಡಿ ಒರೆಸಿದರು, ತಲೆ ಹಿಡಿದು ಕೂತರು. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೇ. ಆ ಎರಡು ದಿನ ಯಂತ್ರದ ಪಕ್ಕ ಊದುಬತ್ತಿ ಹಚ್ಚುತ್ತಿದ್ದೆ. ಊದುಬತ್ತಿ ವಾಸನೆಯಿಲ್ಲದ ಆಫೀಸು ನಮ್ಮಲ್ಲಿ ಎಲ್ಲಿದೆ? ಯಾರ ಮೂಗಿಗೂ ಅದು ಹೊಸದೆನಿಸಿರಲಿಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ಹೆಂಡತಿ ಸಾವಿತ್ರಿಗೆ ಈ ಮಹಿಮೆ ತಿಳಿಸಿದೆ.

"ನಿಮ್ ಪೂಜೆಗೆ ನಮ್ಮನೆ ಮಿಕ್ಸಿನೇ ತಿರುಗಲ್ಲ, ಲೇಸರ್ ಓಡತ್ತಾ?" ಅಂದಳು.

ಕೊನೆಯ ಶುಕ್ರವಾರ ಇಡೀ ಪ್ಯಾಕೆಟ್ ಹಚ್ಚಿದೆ.

ಅಂಕಿ ಏರಿತು. "ಶುಕ್ರವಾರ ಅಲ್ವಾ," ಎಂದು ಮೇಡಂ ನಕ್ಕರು. ಇನ್ನೂ ಏರಿತು. ನಗು ನಿಂತಿತು. ಆಮೇಲೆ ಪರದೆಯ ಮೇಲೆ ಗೆರೆಯೇ ಕಾಣಲಿಲ್ಲ, ಮೇಲಿನಿಂದ ಹೊರಗೆ ಹೋಗಿತ್ತು. ಅವರ ಗೈಡ್ ಬಂದರು. ಬಾಗಿಲಲ್ಲೇ ನಿಂತು ಮೂಗೆಳೆದರು.

"ಇದೇನ್ರೀ ಹೊಗೆ?"

"ಪೂಜೆ ಸರ್. ಮೇಡಂಗೋಸ್ಕರ."

"ಎಷ್ಟು ದಿನದಿಂದ?"

"ಲೇಸರ್ ಬಂದಾಗಿಂದ ಸರ್. ಮಂಗಳವಾರ, ಶುಕ್ರವಾರ."

ಸರ್ ಕುರ್ಚಿ ಎಳೆದುಕೊಂಡು ಕೂತರು. ಲೇಸರ್ ಹೊಗೆಗೆ ತಾಗಿ ಬೆಳಕು ಚೆದರಿತ್ತಂತೆ. ಯಂತ್ರ ಪಾಪ, ಅದನ್ನೂ ಕಣದ ಮಿನುಗೆಂದೇ ಲೆಕ್ಕ ಹಿಡಿದಿತ್ತಂತೆ. ಮೇಡಂ ಇಷ್ಟು ದಿನ ಬೆವರು ಸುರಿಸಿ ಅಳೆದದ್ದರಲ್ಲಿ ಒಂದಿಷ್ಟು ನನ್ನ ಗಂಧದಕಡ್ಡಿ!

"ಯಾವ್ದು ಜ್ವಾಲೆ, ಯಾವ್ದು ಹೊಗೆ ಅಂತ ಈಗ ಹೇಗ್ ಬಿಡಿಸೋದು ಸರ್?" ಮೇಡಂ ಕೇಳಿದರು.

ನಾನು ಮೆಲ್ಲಗೆ, "ಷರಾ ಕಾಲಂ ನೋಡಿ ಮೇಡಂ," ಅಂದೆ.

ಏನು ಮಾಡಿದರೂ ಬರೆದಿಡುವುದು ನನ್ನ ಅಭ್ಯಾಸ. ಪ್ರತಿ ಸಲವೂ ಅಂಕಿಯ ಪಕ್ಕ "ಪೂಜೆ ಆರಂಭ", ಆಮೇಲೆ "ಬತ್ತಿ ಆರಿತು" ಎಂದು ಗಂಟೆ ಸಮೇತ ಟೈಪ್ ಮಾಡಿದ್ದೆ. ಷರಾ ಕಾಲಂ ಯಾರು ಓದುತ್ತಾರೆ? ಮೇಡಂ ಅವೆರಡರ ನಡುವಿನದ್ದನ್ನೆಲ್ಲ ತೆಗೆದರು. ಕಿಟಕಿ ತೆರೆದು ಹೊಗೆ ಕಳೆದು, ಸಂಜೆಯೊಳಗೆ ಅವನ್ನೆಲ್ಲ ಮತ್ತೆ ಅಳೆದರು. ನನ್ನನ್ನು ಕಾರಿಡಾರಿನಲ್ಲಿ ಕೂರಿಸಲಾಗಿತ್ತು.

ಪ್ರಬಂಧ ಅಚ್ಚಾಯಿತು. ಮೇಡಂ ಒಂದು ಪ್ರತಿ ಕೊಟ್ಟು, ಅದರಲ್ಲಿ ನಾನೂ ಇದ್ದೇನೆ ಎಂದರು. ಮನೆಯಲ್ಲಿ ಕೃತಜ್ಞತೆಯ ಪುಟವನ್ನು ಬೆರಳಿಟ್ಟು ಎರಡು ಸಲ ಓದಿದೆ. ನಾನಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಟೀಚರ್ ಹುಡುಕಿಕೊಟ್ಟರು: "ದೋಷಕ್ಕೆ ಕಾರಣಗಳು" ಎಂಬ ಅಧ್ಯಾಯ, ಮೊದಲನೇ ಸಾಲು, ಲ್ಯಾಬ್ ಅಟೆಂಡರ್.

ಸಾವಿತ್ರಿ ಒಗ್ಗರಣೆ ಹಾಕುತ್ತಲೇ ಕೇಳಿದಳು, "ಇದನ್ನ ಕಂಡ್ಹಿಡಿಯೋಕೆ ಅವ್ರಿಗೆ ಲೇಸರ್ ಬೇಕಾಯ್ತಾ?"