ಕತ್ತರಿ ಮುಟ್ಟದ ತಲೆ

ಗಿರಾಕಿಗಳನ್ನು ಹೆದರಿಸಿ ಓಡಿಸುವಂಥ ಮುಖ ಅಫಜಲಪುರದ ಒಬ್ಬನೇ ಒಬ್ಬ ಕ್ಷೌರದಂಗಡಿಯ ಮಾಲೀಕನಿಗಿತ್ತು. ಅವನೇ ನಮ್ಮ ಕಾಕಾ! ಸೊಂಟಕ್ಕಿಳಿಯುವ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿ, ಎದೆ ತುಂಬ ಗಡ್ಡ ಬಿಟ್ಟು, ಕತ್ತರಿ ಹಿಡಿದು "ಬರ್ರಿ, ಕೂಡ್ರಿ" ಅಂದರೆ ಹೊಸಬರು ಯಾರು ಕೂಡುತ್ತಾರೆ ಹೇಳಿ? ಈಗ ಆ ಅಂಗಡಿಗೆ ಬೀಗ ಬಿದ್ದಿದೆ. ನಗುತ್ತಲೇ ಬರೆಯಬೇಕೆಂದು ಕುಳಿತಿದ್ದೇನೆ. ಎಲ್ಲಿವರೆಗೆ ಆಗುತ್ತದೋ ನೋಡೋಣ.

ಇದಕ್ಕೆಲ್ಲ ಕಾರಣ ಒಬ್ಬ ಸರ್ದಾರಜಿ. ಕಬ್ಬಿನ ಹಂಗಾಮಿನಲ್ಲಿ ಅವರ ಲಾರಿ ಕೆಟ್ಟು, ರಿಪೇರಿಯಾಗುವ ತನಕ ಅಂಗಡಿಯ ನೆರಳಿಗೆ ಬಂದು ಕುಳಿತರು. ಕಾಕಾ ರೂಢಿಬಲದಿಂದ "ಕಟಿಂಗೋ, ದಾಡಿಯೋ?" ಎಂದು ಕೇಳಿಬಿಟ್ಟ! ಆ ಪುಣ್ಯಾತ್ಮ ಸಿಟ್ಟಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು ಒಂದು ಕಥೆ ಹೇಳಿದರು. ಸಿಖ್ಖರ ಹತ್ತನೆಯ ಗುರುಗಳು ತುಂಬಿದ ಸಭೆಯಲ್ಲಿ ಕತ್ತಿ ಹಿರಿದು, ತಮಗೊಂದು ತಲೆ ಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರಂತೆ. ಒಬ್ಬರ ಹಿಂದೊಬ್ಬರು ಐವರು ಎದ್ದರು. ಗುರುಗಳು ಅವರನ್ನು ಕೊಲ್ಲಲಿಲ್ಲ, ಕೂದಲಿಗೆ ಕತ್ತರಿ ಮುಟ್ಟಿಸದ ತಮ್ಮ ಪಂಥದ ಮೊದಲಿಗರನ್ನಾಗಿ ಮಾಡಿದರು. ಆ ಐವರಲ್ಲಿ ಒಬ್ಬರು ನಮ್ಮ ಬೀದರಿನವರು, ಕ್ಷೌರಿಕರ ಮನೆಯವರು.

ಮುಗಿಯಿತಲ್ಲ! ಅಂದು ಸಂಜೆ ಮನೆಗೆ ಬಂದವನೇ, "ಊರ ಮಂದಿ ತಲಿ ಎಲ್ಲಾ ನಮ್ಮ ಕೈಯಾಗ. ಆದ್ರ ನಮ್ಮವ ತನ್ನ ತಲಿ ಕೊಡಾಕ ಎದ್ದು ನಿಂತಾನ, ತಮ್ಮಾ! ಇನ್ನ ಮ್ಯಾಲ ನನ್ನ ತಲಿಗಿ ಕತ್ರಿ ಮುಟ್ಟಸಂಗಿಲ್ಲ" ಎಂದ. ಧರ್ಮವನ್ನೇನೂ ಬದಲಿಸಲಿಲ್ಲ, ಕೊರಳಲ್ಲಿ ಲಿಂಗ ಹಾಗೇ ಇತ್ತು. ಕಾಕಿ ಮಾತ್ರ ದಿನಾ ತಲೆ ಚಚ್ಚಿಕೊಳ್ಳುತ್ತಿದ್ದಳು: "ಮಂದಿ ತಲಿ ಸಾಫ್ ಮಾಡಿ, ಮನಿಗಿ ಈ ಹುಲ್ಲಿನ ಬಣವಿ ಹೊತ್ಕೊಂಡು ಬರ್ತೀರಲ್ರಿ!"

ಕಥೆ ಹೇಳುವ ಚಟವೂ ಹತ್ತಿತು. ಹೇಳುವುದು ಯಾವಾಗ? ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟಾಗ! ಒಮ್ಮೆ ಮಣ್ಣೂರಿನ ಗೌಡರು ನೊರೆ ಮೆತ್ತಿಕೊಂಡು ಕಣ್ಣು ಮುಚ್ಚಿದ್ದರು. ಕಾಕಾ ಆವೇಶದಿಂದ, "ಗುರುಗೋಳು ಕತ್ತಿ ಹಿರದು ಕೇಳಿದ್ರು: ಯಾರ ಕೊಡ್ತೀರಿ ತಲಿ?" ಎಂದು ಗರ್ಜಿಸಿದ. ಗೌಡರು ಉಗುಳು ಕೂಡ ನುಂಗದೆ ಪಿಸುಗುಟ್ಟಿದರು: "ಲೇ, ಮದಲ ದಾಡಿ ಮುಗಸಲೇ. ತಲಿ ಆಮ್ಯಾಲ ನೋಡೋಣು!"

ಸಿಖ್ಖರ ವೈಶಾಖಿ ಹಬ್ಬಕ್ಕೆ ಅಂಗಡಿ ಮುಚ್ಚಿ ಬೀದರಿನ ಗುರುದ್ವಾರಕ್ಕೆ ಹೋಗುತ್ತಿದ್ದ. ಬಂದು ಹೇಳುತ್ತಿದ್ದುದು ಒಂದೇ ಮಾತು: "ಎಲ್ಲಾರ ಜೋಡಿ ಒಂದೇ ಸಾಲಿನ್ಯಾಗ ಕುಂತು ಉಂಡೆ. ಯಾರವ ಅಂತ ಯಾರೂ ಕೇಳಲಿಲ್ಲ." ನಗುವ ಮಾತಲ್ಲ ಇದು. ಹಳ್ಳಿಯ ಮದುವೆಗಳಲ್ಲಿ ನಮ್ಮವರು ಮದುವಣಿಗನ ಮುಖ ಮುಟ್ಟಬಹುದಿತ್ತು, ಪಂಕ್ತಿಯಲ್ಲಿ ಕೂಡುವಂತಿರಲಿಲ್ಲ. ಊಟ ಹಿತ್ತಲಲ್ಲಿ, ಎಲ್ಲರದೂ ಆದ ಮೇಲೆ. ಅಂಥ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ರಿಸಲ್ಟ್ ಬಂದ ದಿನ ಕಾಕಾ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಅಂದ: "ಇನ್ನ ಯಾರ ಮುಂದೂ ತಲಿ ಬಗ್ಗಿಸಬ್ಯಾಡ."

"ದಿನಾ ತಲಿ ಬಗ್ಗಸು, ಬಗ್ಗಸು ಅಂತ ಬೈಯಾಂವ ನೀನೇ ಅಲ್ಲೇನು ಕಾಕಾ?"

"ಕಟಿಂಗಿಗಷ್ಟ ಬಗ್ಗಸಲೇ!"

ಆಮೇಲೆ ಕಾಕಾ ಜಡ್ಡು ಬಿದ್ದ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಎಲ್ಲಾರ ತಲಿ ಮ್ಯಾಲ ಕೈ ಆಡಸೇನಿ. ಇದೊಂದು ತಲಿ ನಂದು. ಹಿಂಗ ಕಳಸ್ರಿ" ಎಂದ.

ನಮ್ಮ ಮನೆತನದಲ್ಲಿ ಗಂಡಸು ತೀರಿದರೆ ಹೆಣಕ್ಕೆ ಸ್ನಾನ ಮಾಡಿಸುವ ಮೊದಲು ಕ್ಷೌರ ಮಾಡಬೇಕು. ಮಾಡುವವನು ಅಣ್ಣ ಅಥವಾ ತಮ್ಮ. ಅಪ್ಪ, ಕಾಕಾನ ಅಣ್ಣ, ಕತ್ತಿ ಮಸೆದುಕೊಂಡು ಬಂದು ಕುಳಿತ. ಕಾಕಾ ಹೇಳಿದ್ದನ್ನು ನಾನು ಎಲ್ಲರೆದುರು ಹೇಳಿದೆ. "ನಾಕ ಅಕ್ಷರ ಕಲ್ತು ರೂಢಿ ಬಿಡಸ್ತೀಯೇನಲೇ?" ಎಂದರು ಹಿರಿಯರೊಬ್ಬರು. "ಕ್ಷೌರದವನ ಹೆಣ ಗಡ್ಡದ ಜೋಡಿ ಮಣ್ಣಿಗಿ ಹೋದ್ರ ಮಂದಿ ನಗ್ತಾರ!"

"ನಗಲಿ" ಎಂದೆ.

ಅಪ್ಪ ತಮ್ಮನ ಮುಖವನ್ನೇ ಬಹಳ ಹೊತ್ತು ನೋಡಿದ. ಕತ್ತಿ ಮಡಚಿ ಬದಿಗಿಟ್ಟು, ನೆತ್ತಿಯ ಗಂಟು ಬಿಚ್ಚಿ, ಬಿಸಿನೀರು ಹಾಕಿ ಆ ಕೂದಲನ್ನು ತೊಳೆಯತೊಡಗಿದ. ಜಡ್ಡಿನಲ್ಲಿ ಮಲಗಿ ಮಲಗಿ ಕೂದಲು ಹಗ್ಗದಂತೆ ಸಿಕ್ಕುಗಟ್ಟಿತ್ತು. ಅಲ್ಲಿಯವರೆಗೆ ಗೋಡೆಗೊರಗಿ ಕುಳಿತಿದ್ದ ಕಾಕಿ ಎದ್ದು, ಎಣ್ಣೆ ತಂದು ಪಕ್ಕದಲ್ಲಿ ಕುಳಿತಳು.

"ಭಾವಾ, ಜಗ್ಗಬ್ಯಾಡ್ರಿ" ಎಂದಳು. "ಸಾವಕಾಶ ಬಿಡಸ್ರಿ. ಅವರಿಗಿ ನೋಯ್ತದ."