ಟೇಲರ್ ಚಾಚಾ ಮತ್ತು ರೌಡಿ ಶೀಟು

ಪೊಲೀಸ್ ಠಾಣೆಯ ರಿಜಿಸ್ಟರಿನೊಳಗೆ ಹೆಸರು ಹೋಗಲು ಒಂದು ಗಳಿಗೆಯ ಸಿಟ್ಟು ಸಾಕು. ಹೊರಗೆ ಬರಲು ಒಂದು ಆಯುಷ್ಯವೂ ಸಾಲದು. ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ-ಬೆಟಗೇರಿ ಎಂದು ಸುತ್ತುತ್ತ ಠಾಣೆಯ ರೈಟರ್ ಆಗಿ, ಅಂದರೆ ಕಾಗದಪತ್ರ ನೋಡಿಕೊಳ್ಳುವ ಹವಾಲ್ದಾರನಾಗಿ, ನನ್ನ ಬೆನ್ನು ಬಾಗಿಹೋಯಿತು. ಇಂಥ ಪ್ರಸಂಗಗಳು ವಾರಕ್ಕೊಂದು ನಡೆಯುತ್ತಲೇ ಇರುತ್ತವೆ. ಮೊದಮೊದಲು ನಗು ಬರುತ್ತಿತ್ತು, ಈಗ ಆಕಳಿಕೆ ಬರುತ್ತದೆ. ಚಾಚಾ ಅವರ ಸಂಗತಿಯೊಂದು ಮಾತ್ರ ಬೇರೆ.

ಹಳೇ ರೌಡಿ

ಚಾಚಾ ಎಂದರೆ ನಮ್ಮ ಠಾಣೆಯ ಹಿಂದಿನ ಓಣಿಯ ಟೇಲರ್. ವಯಸ್ಸಿನಲ್ಲಿದ್ದಾಗ, ಕೋಟು ಬಿಗಿಯಾಯಿತೆಂದು ಬೈದ ಮದುಮಗನೊಬ್ಬನ ಮೇಲೆ ಇಸ್ತ್ರಿ ಪೆಟ್ಟಿಗೆ ಎಸೆದಿದ್ದರು. ಅದು ಮದುಮಗನಿಗೆ ತಾಗಲಿಲ್ಲ, ಆ ಕಡೆ ಹೊರಟಿದ್ದ ಜಮಾದಾರರ ಸೈಕಲ್ಲಿಗೆ ತಾಗಿತು. ಅವತ್ತೇ ಪೊಲೀಸರು ಚಾಚಾ ಹೆಸರಿನಲ್ಲಿ ರೌಡಿ ಶೀಟು ತೆರೆದರು. ಮುಂದೆ ಮೂವತ್ತು ವರ್ಷ ಚಾಚಾ ಯಾರನ್ನೂ 'ಲೇ' ಅನ್ನಲಿಲ್ಲ. ಆದರೂ ತಿಂಗಳಿಗೊಮ್ಮೆ ರೌಡಿಗಳನ್ನು ಠಾಣೆಗೆ ಕರೆಸಿ ಸಾಲಾಗಿ ನಿಲ್ಲಿಸುವ ಪರೇಡಿಗೆ ಎಲ್ಲರಿಗಿಂತ ಮೊದಲು ಹಾಜರಾಗುತ್ತಿದ್ದರು.

ಒಮ್ಮೆ ಹೊಸ ಸಾಹೇಬರು ಬಂದರು. ಸಾಲಿನ ಮುಂದೆ ನಿಂತು, "ನಿಮ್ಮಾಗ ಎಲ್ಲಾರಕಿಂತ ಹಳೇ ರೌಡಿ ಯಾವನಲೇ?" ಎಂದು ಗುಡುಗಿದರು.

ಚಾಚಾ ಕೈ ಎತ್ತಿದರು. ಕೈಯಲ್ಲಿ ಸೂಜಿ ಇತ್ತು.

"ನಾನ್ರಿ ಸಾಹೇಬ್ರ. ಒಂಚೂರು ಹಂಗ ನಿಂದರ್ರಿ, ನಿಮ್ಮ ಎರಡನೇ ಗುಂಡಿ ಬೀಳಾಕ ಬಂದೈತಿ."

ಶುಲ್ಕ

ಚಾಚಾ ಅವರಿಗೆ ಇದ್ದದ್ದು ಒಂದೇ ಆಸೆ, ಹಜ್‌ಗೆ ಹೋಗಿ ಬರಬೇಕು. ಅದಕ್ಕೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಪೊಲೀಸರ ವರದಿ ಬೇಕು. ಮೊದಲು ಪೊಲೀಸರಿಂದ ಒಂದು ನಡತೆ ಪ್ರಮಾಣಪತ್ರ ತೆಗೆಸಿ ಇಟ್ಟುಕೊಳ್ಳಿರೆಂದು ಯಾರೋ ಹೇಳಿದರಂತೆ. ಇವರು ಅಂಗಡಿಯೊಂದರಲ್ಲಿ ಆನ್‌ಲೈನ್ ಅರ್ಜಿ ಹಾಕಿಸಿ, ಶುಲ್ಕ ಕಟ್ಟಿ, ಹದಿನೈದು ದಿನ ಕಾದರು. ಉತ್ತರ ಬಂತು: ಅರ್ಜಿದಾರರ ಹೆಸರಿನಲ್ಲಿ ರೌಡಿ ಶೀಟು ಇರುತ್ತದೆ.

ಕಾಗದ ಹಿಡಿದು ನನ್ನ ಟೇಬಲ್ಲಿಗೆ ಬಂದರು. "ಏನ್ರಿ ಇದು ಸಾಹೇಬ್ರ? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ನನ್ನ ಕಡೆನ ರೊಕ್ಕ ತಗೊಂಡ್ರಲ್ರಿ! ಕೇಳಿದ್ರ ನಾನ ಪುಕ್ಕಟ ಹೇಳ್ತಿದ್ದೆ."

ಐದು ಮಂದಿ ಗಣ್ಯರು

ಶೀಟು ಮುಚ್ಚಲು ದಾರಿ ಇತ್ತು. ಊರಿನ ಐದು ಮಂದಿ ಗಣ್ಯರು ಬಂದು, ಈತ ಇಷ್ಟು ವರ್ಷ ಯಾವ ಜಗಳಕ್ಕೂ ಹೋಗಿಲ್ಲ ಎಂದು ಹೇಳಿಕೆ ಕೊಡಬೇಕು. ಚಾಚಾಗೆ ತಿಳಿಸಿ ಹೇಳಿದೆ. ಮರುದಿನ ಐವರನ್ನು ಕರಕೊಂಡು ಬಂದರು. ನಾನು ಹೆಸರು ಕೇಳುವ ಪ್ರಸಂಗವೇ ಬರಲಿಲ್ಲ. ಐದೂ ಮಂದಿಯ ಶೀಟುಗಳು ನನ್ನ ಕಪಾಟಿನಲ್ಲೇ ಇದ್ದವು.

"ಚಾಚಾ, ಇವರೆಲ್ಲಾ ಪರೇಡಿನವರ ಅದಾರಲ್ರಿ! ಗಣ್ಯರು ಅಂದ್ರ ಮಾಸ್ತರು, ಡಾಕ್ಟರು, ಅಂಥವ್ರು ಬೇಕ್ರಿ."

"ಮಾಸ್ತರಿಗೆ ಏನ್ ಗೊತ್ತಿರತೈತ್ರಿ? ನಾ ಯಾವ ಜಗಳದಾಗೂ ಇರಲಿಲ್ಲ ಅಂತ ಹೇಳಾಕ, ಎಲ್ಲಾ ಜಗಳದಾಗೂ ಇದ್ದವ್ರ ಬೇಕಲ್ರಿ?"

ನಾನು ಹೇಳಿಕೆ ಬರೆದುಕೊಳ್ಳಲು ಪೆನ್ನು ಎತ್ತಿಕೊಂಡೆ. ಅಷ್ಟರಲ್ಲಿ ಐವರಲ್ಲಿ ಒಬ್ಬ, ಸೊರಟೂರ ಕಡೆಯವನು, ಬಗ್ಗಿ ಮೆಲ್ಲಗೆ ಹೇಳಿದ:

"ಚಾಚಾ ಇರಲಿಲ್ಲ ಅಂತ ಅಷ್ಟ ಬರೀರಿ. ನಾವು ಇದ್ವಿ ಅಂತ ಬರೀಬ್ಯಾಡ್ರಿ."

ಕಾರಣ ಆಯ್ಕೆ ಮಾಡಿ

ಮುಂದೆ ಮಾಸ್ತರರೂ ಡಾಕ್ಟರರೂ ಬಂದು ಸಹಿ ಹಾಕಿದರು. ಶೀಟು ಮುಚ್ಚಿರೆಂದು ಮೇಲಿನಿಂದ ಆದೇಶವೂ ಬಂತು. ಚಾಚಾ ಠಾಣೆಗೆಲ್ಲ ಪೇಢಾ ಹಂಚಿದರು. ಇನ್ನು ಕಂಪ್ಯೂಟರಿನಲ್ಲಿ ಹೆಸರು ತೆಗೆಯುವುದಷ್ಟೇ ಬಾಕಿ.

ಕಂಪ್ಯೂಟರಿನ ಮುಂದೆ ಕೂರುವ ಮಹಿಳಾ ಪೇದೆ ನನ್ನನ್ನು ಕರೆದಳು. "ಸರ್, ಹೆಸರು ಯಾಕ ತಗೀತೀರಿ ಅಂತ ಕೇಳಾಕತ್ತೈತ್ರಿ. ಮೂರ ಕಾರಣ ಅದಾವು. ಮರಣ, ಗಡಿಪಾರು, ಬೇರೆ ಠಾಣೆಗೆ ವರ್ಗ."

"ಸುಧಾರಿಸಿದ ಅಂತ ಇಲ್ಲೇನವಾ?"

"ಇಲ್ರಿ ಸರ್."

ಮನುಷ್ಯ ಸುಧಾರಿಸಬಹುದೆಂದು ಆ ಕಂಪ್ಯೂಟರಿಗೆ ಯಾರೂ ಹೇಳಿಯೇ ಇರಲಿಲ್ಲ. ಮರಣ ಎಂದು ಒತ್ತಿದರೆ ಪಾಸ್‌ಪೋರ್ಟ್ ಯಾರಿಗೆ ಕೊಡುತ್ತಾರೆ? ಗಡಿಪಾರು ಎಂದರೆ ಇನ್ನೊಂದು ತಲೆನೋವು. ನನಗೂ ಸಾಕಾಗಿತ್ತು. "ವರ್ಗ ಅಂತ ಹಾಕವಾ, ಆಮ್ಯಾಲ ಸರಿ ಮಾಡಿಸೂಣು" ಎಂದೆ. ಯಾವ ಠಾಣೆಗೆ ಎಂದು ಅದು ಮತ್ತೆ ಕೇಳಿತು. ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ, ನಮ್ಮದೇ ಜಿಲ್ಲೆಯ ಮುಂಡರಗಿ ಕಡೆಯ ಒಂದು ಠಾಣೆಯನ್ನು ಒತ್ತಿಸಿದೆ. ಆಮೇಲೆ ಅದು ನನಗೆ ಮರೆತೇಹೋಯಿತು.

ತಪ್ಪು ನನ್ನದೇ. ಮುಂದೆ ಆ ಫೈಲು ಹಿಡಿದು ಗದಗಿನ ಜಿಲ್ಲಾ ಕಚೇರಿಗೆ ನಾಲ್ಕು ಸಲ ಓಡಾಡಿ ನಾನೇ ಸರಿ ಮಾಡಿಸಿದೆ. ಚಾಚಾ ಹಜ್‌ಗೆ ಹೋಗಿಬಂದು ನನ್ನ ಮನೆಗೆ ಖರ್ಜೂರ ಕೊಟ್ಟೂ ಹೋದರು. ಆದರೆ ಆ ತಪ್ಪು ಬಯಲಾದ ದಿನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವತ್ತು ಪಾಸ್‌ಪೋರ್ಟ್ ಏನಾಯಿತೆಂದು ಕೇಳಲು ಚಾಚಾ ಬಂದು ನನ್ನೆದುರು ಕುಳಿತಿದ್ದರು. ಅಷ್ಟರಲ್ಲಿ ಮುಂಡರಗಿ ಕಡೆಯ ಆ ಠಾಣೆಯ ರೈಟರ್ ಫೋನು ಮಾಡಿದರು. "ನಿಮ್ಮ ಕಡಿಂದ ಒಬ್ಬ ರೌಡಿ ನಮ್ಮಲ್ಲಿಗೆ ವರ್ಗ ಆಗ್ಯಾನ್ರಿ. ಎರಡ ಪರೇಡ್ ಆದ್ವು, ಆಸಾಮಿ ಪತ್ತೇನ ಇಲ್ಲ. ತಲೆ ಮರೆಸಿಕೊಂಡಾನಂತ ಬರದೀವಿ. ಅವನ ಖಬರ ಏನರ ಐತೇನ್ರಿ?"

ಫೋನಿನ ದನಿ ದೊಡ್ಡದು. ಚಾಚಾಗೆ ಎಲ್ಲ ಕೇಳಿಸಿತ್ತು. ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ ಕೇಳಿದರು:

"ಅಲ್ರಿ ಸಾಹೇಬ್ರ, ನಾ ಅರ್ಜಿ ಕೊಟ್ಟಿದ್ದು ಮಕ್ಕಾಕ್ಕ ಹೋಗಾಕ. ಮೂವತ್ತು ವರ್ಷ ಶಿಸ್ತಿಲೆ ಪರೇಡ್ ಮಾಡಿದ್ದಕ್ಕ ನೀವು ನನ್ನ ಮುಂಡರಗಿ ತನಕ ಅಷ್ಟ ಕಳಿಸಿದ್ರಿ?"