ಕಾಕಾ ‘ಬಿಡ್ರಿ’ ಅನ್ನುವ ತನಕ

ನಮ್ಮ ಕಾಕಾ ಯಾರನ್ನೂ ಮುಖ ನೋಡಿ ಅಳೆಯುವುದಿಲ್ಲ. ಕಾಲು ನೋಡಿ ಅಳೆಯುತ್ತಾರೆ! ಅದೂ ಬಲಗಾಲು. ನೀವು ಎಷ್ಟು ಓದಿದ್ದೀರಿ, ಯಾವ ಹುದ್ದೆಯಲ್ಲಿದ್ದೀರಿ, ಇದ್ಯಾವುದೂ ಅವರಿಗೆ ಬೇಡ. ನಾರಾಯಣಗೂಡದ ಅವರ ಅಪಾರ್ಟ್‌ಮೆಂಟಿನ ಕೆಳಗೆ ನಿಂತಿರುವ ಕಾರಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ಅವರು ‘ಬಿಡ್ರಿ’ ಅನ್ನುವ ತನಕ ಕಾಲು ತೆಗೆಯಬಾರದು. ತೆಗೆದಿರೋ, ಕೆಟ್ಟಿರಿ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬೀದರ್ ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದವರು ಇಲ್ಲೇ ರಿಟೈರ್ ಆದರು. ಕಾಲೇಜಿಗೆಂದು ಅವರ ಮನೆ ಸೇರಿದ ನಾನು ಮದುವೆಯಾಗುವ ತನಕ ಅಲ್ಲೇ ಉಳಿದೆ. ಅವರ ಕಾರು ವಾರಕ್ಕೊಮ್ಮೆ ತರಕಾರಿ ಮಾರ್ಕೆಟ್ಟಿಗೆ ಹೋಗಿಬಂದರೆ ಅದೇ ಅದರ ಕಾಶಿಯಾತ್ರೆ. ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೂ ತಿಂಗಳ ಮೊದಲ ಭಾನುವಾರ ಬಂತೆಂದರೆ ಕಾಕಾ ಹಳೆಯ ಬನಿಯನ್ ಏರಿಸಿ, ತಿರುಪು ಬಿಚ್ಚುವ ಪಾನಾ ಹಿಡಿದು ಕೆಳಗಿಳಿಯುತ್ತಿದ್ದರು. ಬ್ರೇಕಿನ ಗಾಳಿ ತೆಗೆಯಲು!

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ಬ್ರೇಕ್ ಒತ್ತಿದರೆ ಎಣ್ಣೆ ಕೊಳವೆಯಲ್ಲಿ ನುಗ್ಗಿ ಚಕ್ರವನ್ನು ನಿಲ್ಲಿಸುತ್ತದೆ. ಆ ಎಣ್ಣೆಯಲ್ಲಿ ಗಾಳಿ ಸೇರಿತೋ, ಒತ್ತಿದ ಬಲವೆಲ್ಲ ಗಾಳಿಯನ್ನು ಹಿಚುಕುವುದರಲ್ಲೇ ಮುಗಿದು ಹೋಗುತ್ತದೆ. ಅದಕ್ಕೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ತಿರುಪು ಸಡಿಲಿಸಬೇಕು. ಎಣ್ಣೆಯೂ ಗುಳ್ಳೆಗಳೂ ನಳಿಕೆಯಲ್ಲಿ ಹರಿದು ಬಾಟಲಿಗೆ ಬೀಳುತ್ತವೆ. ತಿರುಪು ಬಿಗಿದ ಮೇಲಷ್ಟೇ ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೊರಗಿನ ಗಾಳಿಯೆಲ್ಲ ಮತ್ತೆ ಒಳಗೆ! ನಾಲ್ಕೂ ಚಕ್ರಕ್ಕೆ ಇದೇ ಸೇವೆ. ಬಾಟಲಿ ಮಾತ್ರ ಕಾಕು, ಅಂದರೆ ಕಾಕಾನ ಹೆಂಡತಿ, ಹಾಕಿದ ಉಪ್ಪಿನಕಾಯಿಯದು.

“ಅಲ್ರೀ, ಬದನಿಕಾಯಿ ತರೂ ಗಾಡಿಗೆ ಇಷ್ಟ್ಯಾಕ ಉಪಚಾರ?” ಎಂದು ಕಾಕು ಗೊಣಗುತ್ತಿದ್ದರು. “ನನ್ನ ಸೊಂಟ ಹಿಡದೈತಿ, ಒಮ್ಮೆರೆ ಕೇಳೀರೇನು?”

“ನಿನ್ನ ಬ್ರೇಕ್ ಭಾಳ ಚಲೋ ಐತಿ ಬಿಡು. ನಾ ಬಾಯಿ ತೆಗಿಯೂದರಾಗ ನಿಲ್ಲಸ್ತಿ!” ಎನ್ನುತ್ತಿದ್ದರು ಕಾಕಾ.

ಹೀಗೆ ಬ್ರೇಕ್ ಒತ್ತಲು ಅವರಿಗೆ ತಿಂಗಳಿಗೊಂದು ಕಾಲು ಬೇಕಿತ್ತಲ್ಲ? ಬಂದ ಅತಿಥಿಗಳೇ ಗತಿ. ಲಗ್ನಪತ್ರಿಕೆ ಕೊಡಲು ಬಂದವರು ಒತ್ತಿದ್ದಾರೆ. ಗಣಪತಿ ಚಂದಾಕ್ಕೆ ಬಂದವರು ಒತ್ತಿದ್ದಾರೆ, ಮುಂದಿನ ವರ್ಷ ಅವರು ನಮ್ಮ ಮನೆಯನ್ನೇ ಬಿಟ್ಟು ಪಕ್ಕದ ಮನೆಗೆ ಹೋದರು! ಅಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನನ್ನನ್ನು ನೋಡಲು ವರ ಬಂದದ್ದೂ ಒಂದು ಮೊದಲ ಭಾನುವಾರವೇ.

ಆ ಹುಡುಗ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದಿದ್ದ. ಅವಲಕ್ಕಿ ತಿಂದು ಕೈ ತೊಳೆಯುವುದರೊಳಗೆ ಕಾಕಾ ಅವನನ್ನು ಕೆಳಗೆ ಒಯ್ದು ಕಾರಿನಲ್ಲಿ ಕೂರಿಸಿಬಿಟ್ಟರು. ಮೂರು ಚಕ್ರ ಮುಗಿದವು. ನಾಲ್ಕನೆಯದರಲ್ಲಿ ಅವನ ಫೋನ್ ರಿಂಗಾಯಿತು. ಮಹಾಶಯ ಕಾಲು ಎತ್ತಿ, ‘ಹಲೋ’ ಅಂದ! ಗಾಳಿ ಒಳಗೆ ಹೋಯಿತು, ಸಂಬಂಧ ಹೊರಗೆ ಬಂತು.

“ಒಂದ್ ಫೋನಿಗೆ ಬ್ರೇಕ್ ಬಿಟ್ಟಾಂವ ನಾಳೆ ನಿನ್ನ ಬಿಡೂದಿಲ್ಲಂತ ಏನ್ ಗ್ಯಾರಂಟಿ?” ಎಂದರು ಕಾಕಾ. ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಎರಡನೆಯವನು ಬೇಗಂಪೇಟೆಯ ಒಂದು ಆಫೀಸಿನಲ್ಲಿದ್ದ. ಅವನನ್ನೂ ಕೂರಿಸಿದರು. “ಹಿಡೀರಿ” ಎಂದು ತಿರುಪು ಬಿಗಿಯುವಷ್ಟರಲ್ಲಿ ಕೆಳಮನೆಯ ರಾವ್‌ಗಾರು ಬಂದರು. ಇಬ್ಬರೂ ತೆಲುಗಿನಲ್ಲಿ ನೀರಿನ ಟ್ಯಾಂಕಿನ ಜಗಳ ಶುರು ಮಾಡಿ, ಜಗಳವಾಡುತ್ತಲೇ ಟೆರೇಸು ಹತ್ತಿ, ಇಳಿದು, ಚಹಾ ಕುಡಿದರು. “ನಮ್ಮ ಹುಡುಗ ಎಲ್ರೀ?” ಎಂದು ಅವನ ತಾಯಿ ಕೇಳಿದಾಗಲೇ ಎಲ್ಲರಿಗೂ ನೆನಪಾಗಿದ್ದು! ಓಡಿ ಹೋಗಿ ನೋಡಿದರೆ ಅವನು ಬೆವರಿನಲ್ಲಿ ತೊಯ್ದು, ಬ್ರೇಕ್ ಒತ್ತಿಕೊಂಡೇ ಕೂತಿದ್ದ.

“ನೀವು ಬಿಡ್ರಿ ಅಂದಿಲ್ಲಲ್ಲರಿ” ಎಂದ.

ಕಾಕಾ ಎಣ್ಣೆ ಕೈಯಲ್ಲೇ ಅವನನ್ನು ಅಪ್ಪಿಕೊಂಡರು. “ನಮಗ ಒಪ್ಪಿಗಿ!” ಎಂದು ಕೂಗಿಯೂ ಬಿಟ್ಟರು. ನನ್ನನ್ನು ಯಾರು ಕೇಳಿದರು? ಆದರೆ ಸುಳ್ಳು ಯಾಕೆ ಹೇಳಲಿ, ನಾನೂ ಆಗಲೇ ಒಪ್ಪಿದ್ದೆ. ಈಗಲೂ ಆ ಮನುಷ್ಯ ಮಾತು ಕೊಟ್ಟರೆ ಕೊಟ್ಟದ್ದೇ.

ಈ ವರ್ಷ ನನಗೆ ಊರಾಚೆಯ ಶಂಶಾಬಾದಿನಲ್ಲಿ ಕೆಲಸ ಸಿಕ್ಕಿತು. ದಿನಾ ಹೈವೇಯಲ್ಲಿ ಲಾರಿಗಳ ನಡುವೆ ಒಬ್ಬಳೇ ಕಾರು ಓಡಿಸಬೇಕು. ಬಾಯಲ್ಲಿ ಧೈರ್ಯ ಹೇಳಿದರೂ ಒಳಗೆ ಹೆದರಿಕೆಯೇ. ಸುದ್ದಿ ಹೇಳಲು ಅವರ ಮನೆಗೆ ಹೋದಾಗ ಕಾಕಾ ತಮ್ಮ ಕಾರಿನ ಕೀಲಿ ತಂದು ನನ್ನ ಕೈಗಿಟ್ಟು, “ಗಾಡಿ ನಿಂದು. ಆದ್ರ ಬ್ರೇಕಿನ ಗಾಳಿ ನೀನ ತೆಗೀಬೇಕು” ಎಂದರು. ಮೊಣಕಾಲು ಸವೆದು, ಕುಕ್ಕರಗಾಲಲ್ಲಿ ಕೂರಲೇಬಾರದು ಎಂದು ಡಾಕ್ಟರು ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು.

“ಮೆಕ್ಯಾನಿಕ್ ಕಡೆ ಮಾಡಸ್ತೀನಿ ತಗೋರಿ, ಕಾಕಾ.”

“ಮೆಕ್ಯಾನಿಕ್‌ಗ ನೀ ಏನಾಗಬೇಕು?” ಎಂದರು. ನಾನು ಪಾನಾ ತಗೊಂಡೆ.

ಮೊದಲ ಬಾರಿಗೆ ನಾನು ಚಕ್ರದ ಹತ್ತಿರ, ಕಾಕಾ ಸೀಟಿನ ಮೇಲೆ. “ಒತ್ರಿ, ಹಿಡೀರಿ, ಬಿಡ್ರಿ” ಎಂದು ಅವರಿಗೇ ಹುಕುಂ ಮಾಡುವ ಮಜಾ ಕೇಳಬೇಕೇ! ಮೂರು ಚಕ್ರ ಮುಗಿದು, ಕೊನೆಯದರ ತಿರುಪು ಬಿಗಿಯುತ್ತಿದ್ದಂತೆ ಕಾಕು ಮೇಲಿನಿಂದ, “ನಿನ್ನ ಆಫೀಸಿನಿಂದ ಫೋನ್ ಬಂದೈತಿ!” ಎಂದು ಕೂಗಿದರು. ಓಡಿದೆ. ಸೇರುವ ದಿನ, ಕಾಗದಪತ್ರ ಎಂದು ಮಾತು ಬೆಳೆಯಿತು. ಫೋನ್ ಇಟ್ಟ ಮೇಲೆ ಒಂದು ಮುಷ್ಟಿ ಅವಲಕ್ಕಿ ಚೂಡಾ ಬಾಯಿಗೆ ಹಾಕಿಕೊಂಡು ಆರಾಮಾಗಿ ಕೆಳಗಿಳಿದೆ.

ಕಾಕಾ ಬ್ರೇಕ್ ಒತ್ತಿಕೊಂಡೇ ಕೂತಿದ್ದರು. ಕಾಲು ಗಡಗಡ ನಡುಗುತ್ತಿತ್ತು. ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದಿದ್ದರು.

“ಕಾಕಾ! ತಿರುಪು ಆಗ್ಲೇ ಬಿಗದೀನಿ, ಬಿಡಬಾರದೇನ್ರಿ?”

“ನೀ ಬಿಡ್ರಿ ಅಂದಿಲ್ಲಲ್ಲ, ಮಗಳ. ಬಿಗದಿಯೋ ಇಲ್ಲೋ ನನಗ ಇಲ್ಲಿಂದ ಹ್ಯಾಂಗ ಕಾಣಬೇಕು? ಬಿಟ್ಟು ಗಾಳಿ ಹೋತಂದ್ರ? ನಾಳೆ ಹೈವೇದಾಗ ಹೋಗಾಕಿ ನೀನು.”

ಇಷ್ಟು ವರ್ಷ ನಾನು ನಕ್ಕಿದ್ದಕ್ಕೆಲ್ಲ ಈಗ ಅಳು ಬಂತು. ನೆಲಕ್ಕೆ ಮೊಣಕಾಲೂರಿ, ಎಣ್ಣೆ ಹತ್ತಿದ ಎರಡೂ ಕೈಯಲ್ಲಿ ಅವರ ಪಾದ ಹಿಡಿದುಕೊಂಡು ಹೇಳಿದೆ:

“ಬಿಡ್ರಿ, ಕಾಕಾ.”